ವಿರೂಪಾಕ್ಷನ ಮುಂದೆ ಬಿಚ್ಚಿದ ಬೂಟು

ನನ್ನ ಸೊಸೆ ಹಂಪಿಯ ಓಟದಲ್ಲಿ ಸೋಲಲಿಲ್ಲ. ನನ್ನ ಮಗ ಅವಳ ಬೂಟು ಕದ್ದ. ನಡೆದದ್ದು ಇಷ್ಟೇ. ಮಗಳು, ಅಳಿಯ, ಬೀಗರು, ಮಿಲ್ಲಿನ ಮಂದಿ, ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಾರೆ. ಮರೆತ ಅನ್ನುತ್ತಾರೆ, ತಮಾಷೆಗೆ ಮಾಡಿದ ಅನ್ನುತ್ತಾರೆ, ಗಂಡ ಹೆಂಡಿರ ವಿಷಯ ನಮಗ್ಯಾಕೆ ಅನ್ನುತ್ತಾರೆ. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು. ಅಕ್ಷರ ಕೂಡಿಸಿ ಬರೆಯಲು ನನಗೆ ಹೊತ್ತು ಹಿಡಿಯುತ್ತದೆ. ಆದರೆ ಕಂಡದ್ದನ್ನು ಬರೆಯಲು ಅಷ್ಟು ಓದು ಸಾಕು.

ನಮ್ಮದು ಕಂಪ್ಲಿ. ಮುಂದೆ ಅಕ್ಕಿ ಮಿಲ್ಲು, ಹಿಂದೆ ಮನೆ, ನಡುವೆ ಕುದಿಸಿದ ನೆಲ್ಲು ಒಣಗಿಸುವ ಸಿಮೆಂಟಿನ ಕಣ. ಗಂಡ ತೀರಿಕೊಂಡ ಮೇಲೆ ಮಿಲ್ಲು ಮಗನಿಗೆ ಬಂತು, ಮನೆ ನನಗೆ. ಮೊಮ್ಮಗ ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದಾನೆ. ಹೀಗಾಗಿ ಮನೆಯಲ್ಲಿ ನಾನು, ಮಗ, ಸೊಸೆ, ಮೂವರೇ.

ಸೊಸೆ ಸಂಡೂರಿನ ಕಡೆಯವಳು. ಅವಳ ಅಪ್ಪ ಗಣಿಯ ಲಾರಿ ಓಡಿಸುತ್ತಿದ್ದ. ಮದುವೆ ಮಾತಿಗೆ ನಾವು ಅವರ ಮನೆಗೆ ಹೋದಾಗ ಕುಡಿಯಲು ಕೊಟ್ಟ ನೀರಿನ ಲೋಟದ ಅಂಚಿಗೂ ಕೆಂಪು ಧೂಳಿತ್ತು. ಹುಡುಗಿ ಓಟದಲ್ಲಿ ಜಿಲ್ಲೆಯ ಮಟ್ಟಕ್ಕೆ ಹೋಗಿದ್ದಾಳೆ, ಆಟ ಕಲಿಸುವ ಟೀಚರ್ ಓದು ಓದಿದ್ದಾಳೆ ಅಂತ ಅವಳ ಅಪ್ಪ ಹೇಳಿದ. ನಾನು ರೊಟ್ಟಿ ಮಾಡಲು ಬರುತ್ತದೆಯೇ ಅಂತ ಕೇಳಿದೆ.

ಅವಳು ಓಡುವುದನ್ನು ನಾನು ಮೊದಲು ನೋಡಿದ್ದು ಒಂದು ಮಧ್ಯಾಹ್ನ. ಕಣದ ತುಂಬ ನೆಲ್ಲು ಹರವಿತ್ತು, ಮೋಡ ಒಮ್ಮೆಲೇ ಕವಿಯಿತು. ಅವಳು ಸೀರೆ ಎತ್ತಿ ಸಿಕ್ಕಿಸಿ, ತಾಡಪಾಲಿನ ತುದಿ ಹಿಡಿದು, ಕಾಯ್ದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಈ ಮೂಲೆಯಿಂದ ಆ ಮೂಲೆಗೆ ಹಾರಿಹೋದಳು. ಹಮಾಲರು ಬೀಡಿ ಕೈಯಲ್ಲಿ ಹಿಡಿದು ಹಾಗೇ ನಿಂತರು.

“ಸೀರಿ ಇಳಸು, ಗಂಡಸ್ರು ಅದಾರ” ಅಂದೆ. ನೆಲ್ಲು ಒಂದು ಕಾಳೂ ನೆನೆಯಲಿಲ್ಲ. ಅದರ ಬಗ್ಗೆ ಏನೂ ಅನ್ನಲಿಲ್ಲ.

ಈ ವರ್ಷ ಸಂಡೂರಿನಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆಯೊಂದಕ್ಕೆ ಆಟದ ಟೀಚರ್ ಬೇಕಾಗಿತ್ತು. ನಮಗೆ ಹೇಳದೆ ಅರ್ಜಿ ಹಾಕಿದಳು, ಸಿಕ್ಕ ಮೇಲೆ ಹೇಳಿದಳು. ವಾರವೆಲ್ಲ ಅಲ್ಲೇ ಇರಬೇಕು, ರಜಕ್ಕೆ ಮನೆಗೆ ಬರಬಹುದು. ಓಟದ ಮರುದಿನ, ಸೋಮವಾರ, ಹೋಗಿ ಹಾಜರಾಗಬೇಕು. ಇಲ್ಲವಾದರೆ ಬೇರೆಯವರನ್ನು ಕರೆಯುತ್ತೇವೆ ಅಂದಿದ್ದರು.

ಮಗ ತಾಟಿನ ಮುಂದೆ ಕೂತು ನಕ್ಕ. “ಮಿಲ್ಲಿನ ಸಾವ್ಕಾರ್ತಿ ಹುಡುಗ್ರ ಮುಂದ ಸೀಟಿ ಊದಾಕ ಹೊಕ್ಕಾಳಂತ ಕೇಳಬೇ ಅವ್ವ.”

“ಊದ್ತೀನಿ. ಇಲ್ಲಿ ಒಲಿ ಊದಿ ಊದಿ ರೂಢಿ ಆಗೈತಿ” ಅಂದಳು ಸೊಸೆ.

ಅವನ ನಗು ಅಲ್ಲಿಗೆ ನಿಂತಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ನನ್ನ ಮೊಣಕಾಲು ಎರಡೂ ಹೋಗಿವೆ. ಅವಳು ಸಂಡೂರಿಗೆ ಹೋದರೆ ನೀರು, ನೆಲ, ಒಲೆ, ದನ ಎಲ್ಲ ನನ್ನ ಕೊರಳಿಗೆ. ಅವಳು ಓದಿದ್ದಾಳೆ, ಅವಳಿಗೂ ಆಸೆ ಇರುತ್ತದೆ ಅಂತ ಯೋಚಿಸುವಷ್ಟು ಒಳ್ಳೆಯ ಅತ್ತೆ ನಾನಲ್ಲ.

ಓಟದ ಹುಚ್ಚು ಹಚ್ಚಿದವನು ಅಳಿಯ. ಸೊಲ್ಲಾಪುರದಲ್ಲಿ ಅವನದು ಟವೆಲ್ಲಿನ ಅಂಗಡಿ. ಅವನೂ ನನ್ನ ಮಗಳೂ ಮಕ್ಕಳನ್ನು ಬೀಗರ ಹತ್ತಿರ ಬಿಟ್ಟು ಊರೂರಿಗೆ ಓಡಲು ಹೋಗುತ್ತಾರೆ.

“ಗೋವಾದಾಗ ಓಡಿದ್ವಿ ಅತ್ತಿ, ಊಟಿಯಾಗ ಓಡಿದ್ವಿ. ಈ ಸಲ ನಿಮ್ಮ ಹಂಪಿ. ಓಡೋದು, ಊರು ನೋಡೋದು, ಉಣ್ಣೋದು. ಇಡೀ ಫ್ಯಾಮಿಲಿ ಕೂಡಿ ಓಡೋಣು, ಮಸ್ತ್ ಆಗ್ತೈತಿ” ಅಂದ ಫೋನಿನಲ್ಲಿ.

“ಹೊಂಟಲ್ಲಿಗೇ ತಿರುಗಿ ಬಂದು ನಿಲ್ಲಾಕ ಅಲ್ಲಿಂದ ಯಾಕ ಹೊಂಡ್ತೀರಪ್ಪ?” ಅಂದೆ. ಅವನು ಅತ್ತೆ ಭಾರೀ ಜೋಕ್ ಮಾಡುತ್ತಾರೆ ಅಂತ ನಕ್ಕ. ನಾನು ಜೋಕ್ ಮಾಡಿರಲಿಲ್ಲ.

ಮಗನಿಗೆ ಸಕ್ಕರೆ ಕಾಯಿಲೆ. ನಡೆಯಿರಿ ಅಂತ ಡಾಕ್ಟರು ಹೇಳಿದ್ದಕ್ಕೆ ಬೆಳಿಗ್ಗೆ ಕಂಪ್ಲಿ ಸೇತುವೆಯವರೆಗೆ ಹೋಗಿ, ಅಲ್ಲಿ ಮಿರ್ಚಿ ತಿಂದು ಬರುತ್ತಿದ್ದ. ಅಳಿಯ ಅವನ ಹೆಸರು ಕೊಟ್ಟ, ಮಗಳ ಹೆಸರು, ತನ್ನ ಹೆಸರು. ಕೊನೆಗೆ “ಅಕ್ಕಾರು ಓಡ್ತಿದ್ರಂತಲ್ಲ” ಅಂತ ಸೊಸೆಯ ಹೆಸರನ್ನೂ ಸೇರಿಸಿದ. ಅರ್ಧ ಮ್ಯಾರಥಾನು. ಅರ್ಧ ಅಂದರೂ ಕಮಲಾಪುರದಲ್ಲಿ ಹೊರಟು, ಹಂಪಿ ಬಜಾರು ಹಾಯ್ದು, ಕಡ್ಡಿರಾಂಪುರ ಸುತ್ತಿ ಮತ್ತೆ ಕಮಲಾಪುರ. ಬಸ್ಸಿನಲ್ಲಿ ಕೂತರೂ ಸೊಂಟ ನೋಯುವ ದಾರಿ.

ಶನಿವಾರ ಕಮಲಾಪುರದಲ್ಲಿ ಶಾಮಿಯಾನ ಹಾಕಿ ಓಡುವವರಿಗೆಲ್ಲ ಚೀಲ ಕೊಡುತ್ತಿದ್ದರು. ಎದೆಗೆ ಹಚ್ಚುವ ನಂಬರು, ಅಂಗಿ, ಜೊತೆಗೆ ಗುಂಡಿಯಷ್ಟು ದೊಡ್ಡ ಒಂದು ಚಿಪ್ಪು. ಮೇಜಿನ ಹುಡುಗಿ ಬಿಡಿಸಿ ಹೇಳಿದಳು:

“ಇದನ್ನ ಬೂಟಿನ ಲೇಸಿಗೆ ಕಟ್ಕೋಬೇಕ್ರಿ. ನೆಲದಾಗ ಹಾಸಿದ ಪಟ್ಟಿ ಇದನ್ನ ನೋಡಿ ನಿಮ್ಮ ಟೈಮು ಹಿಡೀತೈತಿ. ಇದು ಇಲ್ಲದ ಗೆರಿ ದಾಟಿದ್ರ ನೀವು ಓಡೇ ಇಲ್ಲ ಅಂದಂಗ. ಬೋರ್ಡಿನ್ಯಾಗ ಹೆಸರು ಬರಂಗಿಲ್ಲ.”

ಮಗ ಕೇಳಿದ. ಅಳಿಯ ಕೇಳಿದ. ನಾನೂ ಕೇಳಿದೆ. ಸೊಸೆ ಕೇಳಲಿಲ್ಲ. ನನ್ನ ಮಾತ್ರೆಗೆ ನೀರು ತರಲು ನಾನೇ ಅವಳನ್ನು ಕಳಿಸಿದ್ದೆ.

ಉಳಿದುಕೊಂಡದ್ದು ಕಡ್ಡಿರಾಂಪುರದ ಒಂದು ಹೋಂಸ್ಟೇಯಲ್ಲಿ. ಸಂಜೆ ಅಂಗಳದಲ್ಲಿ ಊಟಕ್ಕೆ ಕೂತಾಗ ಮಗಳು ಅತ್ತಿಗೆಯನ್ನು ಕೆಣಕಿದಳು.

“ವೈನಿ, ಈ ಬೂಟು ಎಲ್ಲಿ ತಗೊಂಡಿ? ಹೊಸಪೇಟಿ ಫುಟ್‌ಪಾತಿನ್ಯಾಗೇನು? ನಂದು ನೋಡು, ಗಾಳಿ ತುಂಬೈತಿ ಅಡೀಗೆ.”

“ಗಾಳಿ ನಿಮ್ಮ ಬೂಟಿಗೆ ಇರ್ಲಿ. ನನಗ ಕಾಲು ಅದಾವ” ಅಂದಳು ಸೊಸೆ, ಸಾರು ಬಡಿಸುತ್ತ.

ಅಳಿಯ ತೊಡೆ ತಟ್ಟಿ ನಕ್ಕ. ಹೆಂಡತಿಯ ಮಾತಿಗೆ ಇನ್ನೊಬ್ಬ ಗಂಡಸು ನಕ್ಕದ್ದು ಮಗನಿಗೆ ಹಿಡಿಸಲಿಲ್ಲ. ಕೈ ತಾಟಿನಲ್ಲೇ ಇಟ್ಟು ಅಂದ:

“ಅಷ್ಟು ಕಾಲು ಇದ್ರ ಒಂದು ಮಾತು. ನಾಳೆ ಅವರು ಇಟ್ಟ ಟೈಮಿನೊಳಗ ಮುಗ್ಸು. ಬೋರ್ಡಿನ್ಯಾಗ ನಿನ್ನ ಹೆಸರು ಬಂದ್ರ ಸಂಡೂರಿಗೆ ಹೋಗು, ನಾ ತಡಿಯಂಗಿಲ್ಲ. ಬರ್ಲಿಲ್ಲ ಅಂದ್ರ ಆ ಮಾತು ಸಾಯೋತನ ನನ್ನ ಮುಂದ ಎತ್ತಬಾರ್ದು.”

ಅವಳು ಸೌಟು ಕೆಳಗಿಟ್ಟಳು. “ಎಲ್ರ ಮುಂದ ಅಂದೀರಿ.”

“ಎಲ್ರ ಮುಂದ ಅಂದೀನಿ.”

“ಆತು. ನಾನೂ ಎಲ್ರ ಮುಂದ ಒಪ್ಪೀನಿ.”

ಊಟವಾದ ಮೇಲೆ ಅವನೇ ಅವಳ ಬೂಟು ತೊಡೆಯ ಮೇಲಿಟ್ಟುಕೊಂಡು ಲೇಸಿಗೆ ಚಿಪ್ಪು ಕಟ್ಟಿದ. “ಮದಿವ್ಯಾಗೂ ಕಾಲುಂಗರ ತೊಡಿಸುವಾಗ ಇಷ್ಟು ಬಗ್ಗಿರ್ಲಿಲ್ಲ ಅಣ್ಣ” ಅಂತ ಮಗಳು ಫೋಟೋ ಹಿಡಿದಳು.

“ಏನ್ರಿ ಅದು?” ಅಂತ ಸೊಸೆ ಕೇಳಿದಳು.

“ಏನೋ ಒಂದು. ಎಲ್ರಿಗೂ ಕೊಟ್ಟಾರ” ಅಂದ.

ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನೋ, ಓಡುವಾಗ ಹೊಳೆಯಿತೋ, ನಾನು ಕೇಳಿಲ್ಲ. ಎರಡೂ ಅಷ್ಟೇ ಕೆಟ್ಟದ್ದು.

ಭಾನುವಾರ ಬೆಳಿಗ್ಗೆ ಹೋಂಸ್ಟೇಯವನ ಆಟೋ ನನ್ನನ್ನು ಹಂಪಿ ಬಜಾರಿನಲ್ಲಿ ಇಳಿಸಿತು. ಸಾಲುಮಂಟಪದ ಕಟ್ಟೆ ಮೇಲೆ ಕಾಲು ಚಾಚಿ ಕೂತೆ. ಎದುರಿಗೆ ಗೋಪುರ. ಓಡುವವರು ಆ ತುದಿಯಿಂದ ಬಂದು, ಗೋಪುರದ ಮುಂದೆ ಹೊರಳಿ, ಕಡ್ಡಿರಾಂಪುರದ ಕಡೆ ಹೋಗುತ್ತಿದ್ದರು. ಕೆಂಪಗಾದವರು, ಬೆವರಿನಲ್ಲಿ ಅದ್ದಿದವರು, ಗಂಡಸರು, ಚಡ್ಡಿ ಹಾಕಿದ ಮುದುಕಿಯರು. ಮೊದಲು ಅಳಿಯ ಬಂದ, ಕೈಯ ಗಡಿಯಾರ ನೋಡುತ್ತ ನನ್ನನ್ನು ನೋಡದೆ ಹೋದ. ಮಗಳ ಓಟ ಚಿಕ್ಕದು, ಅವಳು ಕಮಲಾಪುರದಲ್ಲೇ ಮುಗಿಸಿ ಫೋಟೋ ಹಿಡಿಸಿಕೊಳ್ಳುತ್ತಿದ್ದಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ವಿರೂಪಾಕ್ಷನ ಗೋಪುರದ ಮುಂದೆ ಕಾಲಲ್ಲಿ ಚರ್ಮ ಇಟ್ಟುಕೊಂಡು ಹಾಯುವುದಿಲ್ಲ. ಮೋಟರ್ ಸೈಕಲ್ಲಿನಲ್ಲಿ ಹೋದರೂ ನಿಲ್ಲಿಸಿ, ಚಪ್ಪಲಿ ಬಿಟ್ಟು, ಮಣ್ಣಿನ ಮೇಲೆ ನಿಂತು ಕೈ ಮುಗಿದು ಮುಂದೆ ಹೋಗಬೇಕು. ನಮ್ಮ ಅತ್ತೆ ಎತ್ತಿನ ಬಂಡಿಯಿಂದ ಇಳಿದು ಹಾಗೆ ಮಾಡುತ್ತಿದ್ದರು. ನಾನು ಮಗನಿಗೂ ಸೊಸೆಗೂ ಅದನ್ನೇ ಹೇಳಿಕೊಟ್ಟಿದ್ದೆ. ಆದರೆ ಓಟದಲ್ಲಿ ಬೂಟು ಬಿಚ್ಚು ಅಂತ ನಾನು ಯಾರಿಗೂ ಹೇಳಿರಲಿಲ್ಲ. ನನಗೆ ಆ ವಿಚಾರವೇ ಬಂದಿರಲಿಲ್ಲ.

ಮಗ ಸೊಸೆ ಇಬ್ಬರೂ ಕೂಡಿ ಬಂದರು. ಗಂಡನ ಪಕ್ಕದಲ್ಲೇ ಓಡಬೇಕು ಅಂತ ಅವನು ಕಟ್ಟು ಮಾಡಿದ್ದನಂತೆ. ಅವನ ಬಾಯಿ ತೆರೆದಿತ್ತು, ಅಂಗಿ ಹೊಟ್ಟೆಗೆ ಅಂಟಿತ್ತು. ಅವಳು ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ನೀರು ತರಲು ಹೊರಟವಳ ಹಾಗೆ ಸಲೀಸಾಗಿ ಓಡುತ್ತಿದ್ದಳು. ಅದನ್ನು ಅವನೂ ನೋಡಿದ. ಗೋಪುರ ಇನ್ನೂ ದೂರವಿರುವಾಗ ಅವಳ ತೋಳು ಹಿಡಿದು, ನನ್ನ ಕಡೆ ಕೈ ತೋರಿಸಿ ಏನೋ ಅಂದ. ಅವಳು ನನ್ನನ್ನು ನೋಡಿದಳು. ಕುಕ್ಕರಿಸಿ ಎರಡೂ ಬೂಟು ಬಿಚ್ಚಿದಳು. ಅವನು ಅವನ್ನು ಇಸಿದುಕೊಂಡು, ನೀನು ನಡಿ, ನಾನು ತರುತ್ತೇನೆ ಅನ್ನುವ ಹಾಗೆ ಕೈ ಬೀಸಿದ. ಅವಳು ಬರಿಗಾಲಲ್ಲಿ ಗೋಪುರಕ್ಕೆ ಕೈ ಮುಗಿದು ಹೊರಳಿನಲ್ಲಿ ಮರೆಯಾದಳು.

ಅವನು ಹಿಂದೆ ಬಂದ. ಹೆಂಡತಿಯ ಬೂಟು ಕೈಯಲ್ಲಿ, ತನ್ನ ಬೂಟು ಕಾಲಲ್ಲಿ. ದೇವರ ಮುಂದೆ ಹಾಗೇ ದಾಟಿದ. ಕೈಯನ್ನೂ ಮುಗಿಯಲಿಲ್ಲ. ಎಳನೀರಿನ ಗಾಡಿ ಹತ್ತಿರ ನಿಂತು ಕುಡಿದ, ಅವಳ ಬೂಟು ಗಾಡಿಯ ಕೆಳಗಿಟ್ಟ, ಓಡಿದ.

ನಾನು ಅಲ್ಲೇ ಕಾಯುತ್ತಿದ್ದ ಆಟೋದವನನ್ನು ಕಳಿಸಿ ಬೂಟು ತರಿಸಿದೆ. “ಆ ಸಾಹೇಬ್ರು ಆಮ್ಯಾಲ ಒಯ್ತೀನಂದಾರ್ರಿ” ಅಂದನಂತೆ ಎಳನೀರಿನವನು. ಹೆಂಡತಿಗೆ ಒಯ್ದು ಕೊಡುವುದನ್ನು ಮರೆತಿದ್ದಾನೆ, ಹುಚ್ಚ, ಅಂತ ಬೈದುಕೊಂಡೆ. ಚಿಪ್ಪಿನ ನೆನಪು ನನಗೂ ಆಗ ಬರಲಿಲ್ಲ. ಬೂಟು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕಮಲಾಪುರಕ್ಕೆ ಹೋದೆ. ಇದಕ್ಕಿಂತ ಮೂರ್ಖ ಕೆಲಸ ನನ್ನ ಜನ್ಮದಲ್ಲಿ ನಾನು ಮಾಡಿಲ್ಲ.

ಅಳಿಯ ಮುಗಿಸಿ ಬಾಳೆಹಣ್ಣು ತಿನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಸೊಸೆ ಬಂದಳು. ಕೊನೆಯ ಗೆರೆಯ ಮೇಲೆ ದೊಡ್ಡ ಗಡಿಯಾರ ಓಡುತ್ತಿತ್ತು, ಟೈಮು ಇನ್ನೂ ಬಹಳ ಇತ್ತು. ಅಲ್ಲಿದ್ದವರು ಬರಿಗಾಲು ನೋಡಿ ಚಪ್ಪಾಳೆ ಹೊಡೆದರು. ನಾನು ಕಾಲನ್ನೇ ನೋಡಿದೆ. ಹೊಲಗಳ ನಡುವಿನ ಹೊಸ ರಸ್ತೆಯ ಜಲ್ಲಿ ಅಂಗಾಲು ಹರಿದಿತ್ತು. ಅವಳು ದಾಟಿದ ಪಟ್ಟಿಯ ಮೇಲೆ ಒದ್ದೆ ಕೆಂಪು ಗುರುತು ಬಿತ್ತು. ಅವಳು ನಗುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಅಷ್ಟು ಹಲ್ಲು ಕಾಣುವಂತೆ ಅವಳು ನಕ್ಕದ್ದು ನಾನು ನೋಡಿರಲಿಲ್ಲ.

ಮೇಜಿನ ಹತ್ತಿರ ಹೋಗಿ ನಂಬರು ತೋರಿಸಿದಳು. ಅದೇ ಹುಡುಗಿ ಕಂಪ್ಯೂಟರ್ ಒತ್ತಿ ಒತ್ತಿ ನೋಡಿದಳು.

“ಮೇಡಂ, ನಿಮ್ಮ ಹೆಸರು ಬರವಲ್ದು. ಚಿಪ್ಪು ಎಲ್ಲೈತ್ರಿ?”

“ಯಾವ ಚಿಪ್ಪು?”

“ಬೂಟಿಗೆ ಕಟ್ಟಿದ್ದು.”

ಅವಳು ತನ್ನ ಕಾಲು ನೋಡಿಕೊಂಡಳು. ನಾನು ಬೂಟು ಎತ್ತಿ ಹಿಡಿದು, “ಇಲ್ಲೈತಿ ನೋಡವ್ವ, ಚಿಪ್ಪು ಇದರಾಗ ಐತಿ” ಅಂದೆ.

“ಅಜ್ಜಿ, ಅದು ಅವರ ಕಾಲಾಗ ಇದ್ದು ಗೆರಿ ದಾಟಬೇಕಿತ್ತು. ಮುಗಿಸಿದ್ದನ್ನ ನಾ ಕಣ್ಣಿಲೆ ನೋಡೀನಿ. ಪದಕ ಕೊಡ್ತೀನಿ ಬೇಕಾರ. ಹೆಸರು ಮಾತ್ರ ಬೋರ್ಡಿನ್ಯಾಗ ಬರಂಗಿಲ್ಲ.”

ಸೊಸೆ ಮೇಜು ನೋಡಲಿಲ್ಲ, ಹುಡುಗಿಯನ್ನು ನೋಡಲಿಲ್ಲ. ನನ್ನ ಕೈಯಲ್ಲಿದ್ದ ಬೂಟು ನೋಡಿದಳು, ಆಮೇಲೆ ನನ್ನ ಮುಖ. ಆ ನೋಟ ನನಗೆ ಆಗ ತಿಳಿಯಲಿಲ್ಲ. ಬೂಟು ಹೊತ್ತು ತಂದದ್ದಕ್ಕೆ ಒಂದು ಮಾತೂ ಆಡದೆ ಹೀಗೆ ನೋಡುತ್ತಾಳಲ್ಲ ಅಂತ ನನಗೇ ಸಿಟ್ಟು ಬಂತು.

ಅಷ್ಟರಲ್ಲಿ ಮಗ ಕಾಲೆಳೆಯುತ್ತ ಬಂದು ಗೆರೆ ದಾಟಿದ. ಅವನ ಹೆಸರು ಬೋರ್ಡಿನಲ್ಲಿ ಬಂತು, ಬಹಳ ಕೆಳಗೆ. ವಿಷಯ ಕೇಳಿ ಹಣೆ ಚಚ್ಚಿಕೊಂಡ.

“ಅಯ್ಯ, ಎಳನೀರು ಕುಡಿಯುವಾಗ ಮರ್ತೆ ನೋಡು. ತಲಿ ತಿರುಗಾಕತ್ತಿತ್ತು.”

“ಅತ್ತಿ ಬೂಟು ಆಟೋದಾಗ ಓಡಿಸ್ಯಾರ” ಅಂದ ಅಳಿಯ. “ಬೂಟಿಗೆ ಫಸ್ಟ್ ಪ್ರೈಜ್ ಕೊಡಬೇಕು.”

“ಅವ್ವನ ಹೆಸರಾದ್ರೂ ಬಂದೈತೇನು ನೋಡ್ರಿ ಬೋರ್ಡಿನ್ಯಾಗ” ಅಂದಳು ಮಗಳು.

ಮೂವರೂ ನಕ್ಕರು. ಸೊಸೆ ಪದಕ ಇಸಿದುಕೊಳ್ಳಲಿಲ್ಲ. ಬೂಟನ್ನೂ ಇಸಿದುಕೊಳ್ಳಲಿಲ್ಲ.

ಮಧ್ಯಾಹ್ನ ಕಡ್ಡಿರಾಂಪುರದಲ್ಲಿ ಊಟ. ಹೋಂಸ್ಟೇಯವರು ಅಡುಗೆ ಮಾಡಿದ್ದರು, ಬಡಿಸಿದವಳು ಸೊಸೆ. ಕೂತುಕೋ ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. “ಕಾಲು ತೊಳಕೊಂಡು ಬಾ, ನೆಲಕ್ಕ ರಕ್ತ ಹತ್ತತೈತಿ” ಅಂದೆ ಅಷ್ಟೇ. ಅವಳು ಹಿಮ್ಮಡಿ ಎತ್ತಿ, ಬೆರಳ ಮೇಲೆ ನಡೆದು, ಎಲ್ಲರಿಗೂ ಎರಡೆರಡು ಸಲ ಮೊಸರು ಹಾಕಿದಳು.

“ಮಾತು ನೆನಪೈತಲ್ಲ?” ಅಂದ ಮಗ.

“ಐತಿ.”

“ಬೋರ್ಡು ನೋಡಿದ್ಯಲ್ಲ?”

“ನೋಡೀನಿ.”

“ಏನಿತ್ತು ಅದರಾಗ?”

ಅವನು ತಾಟಿನಿಂದ ಕೈ ಎತ್ತಿ ಕಾದ. ಹೇಳುವವರೆಗೆ ಬಿಡುವವನಲ್ಲ.

“ನನ್ನ ಹೆಸರು ಇರ್ಲಿಲ್ಲ” ಅಂದಳು.

“ಹಾಂ” ಅಂತ ಅವನು ಮೊಸರನ್ನ ಕಲಸಿದ.

ಕೈ ತೊಳೆಯಲು ಮಗ ಅಳಿಯ ಇಬ್ಬರೂ ಹಿತ್ತಿಲ ನಲ್ಲಿಗೆ ಹೋದರು. ನಾನು ಗೋಡೆಯ ಈಚೆ ಹೊರಸಿನ ಮೇಲೆ ಅಡ್ಡಾಗಿದ್ದೆ. ಮುದುಕರು ಕಣ್ಣು ಮುಚ್ಚಿದರೆ ಕಿವಿಯೂ ಮುಚ್ಚುತ್ತದೆ ಅಂತ ಮಕ್ಕಳು ತಿಳಿಯುತ್ತಾರೆ.

“ಖರೆ ಹೇಳೋ, ಮರ್ತಿದ್ಯಾ?” ಅಂದ ಅಳಿಯ.

“ಎಲ್ಲಿ ಮರೆವು ಮಾವ. ಆಕಿ ಉಸಿರೂ ಏರಿರ್ಲಿಲ್ಲ. ನನ್ನ ಬಿಟ್ಟು ಹೋಗಿ ಮುಗ್ಸೇ ಮುಗಿಸ್ತಿದ್ಳು. ಚಿಪ್ಪು ಬೂಟಿನ್ಯಾಗ ಐತಿ ಅನ್ನೋದು ಆಕಿಗೆ ಗೊತ್ತಿಲ್ಲ, ನನಗ ಗೊತ್ತಿತ್ತು. ದೇವರೂ ಎದುರಿಗಿದ್ದ, ಅವ್ವನೂ ಎದುರಿಗಿದ್ಳು.”

“ಭಾಳ ಹುಷಾರ್ ಅದೀಪ್ಪ” ಅಂತ ಅಳಿಯ ನಕ್ಕ. ನಲ್ಲಿ ನಿಲ್ಲಿಸಿದ ಸದ್ದಾಯಿತು.

ಮಗಳು ಅಳಿಯ ಹೊಸಪೇಟೆಯಲ್ಲಿ ರೈಲು ಹತ್ತಿದರು. ನಾವು ಮೂವರು ಕಾರಿನಲ್ಲಿ ಕಂಪ್ಲಿಗೆ ಬಂದೆವು. ದಾರಿಯುದ್ದಕ್ಕೂ ಮಗ ಕೊರಳಲ್ಲಿ ಪದಕ ಹಾಕಿಕೊಂಡೇ ಕಾರು ಓಡಿಸಿದ. ಮನೆಗೆ ಬಂದವನು ಮಿಲ್ಲಿನವರಿಗೆ ಅದನ್ನು ತೋರಿಸಲು ಹೋದ.

ಸೊಸೆ ಹಿತ್ತಿಲಲ್ಲಿ ತಗಡಿನ ಬುಟ್ಟಿಯೊಳಗೆ ಉಪ್ಪುನೀರು ಹಾಕಿ ಕಾಲಿಟ್ಟು ಕೂತಿದ್ದಳು. ನೀರು ಕೆಂಪಾಗಿತ್ತು. ನಾನು ನಿಂತೇ ಹೇಳಿದೆ:

“ನಿನ್ನ ಗಂಡ ಬೂಟು ಮರ್ತಿಲ್ಲ. ಬೇಕಂತ ಬಿಟ್ಟಾನ. ನಲ್ಲಿ ಹತ್ರ ಹೇಳ್ಕೊಂಡು ನಗಾಕತ್ತಿದ್ದ.”

ಹೀಗೆ ಒಮ್ಮೆಲೇ ಹೇಳಬಾರದಿತ್ತು ಅಂತ ನೆರೆಯವರು ಆಮೇಲೆ ಅಂದರು. ಬೇರೆ ಹೇಗೆ ಹೇಳುವುದು, ಬೆಲ್ಲ ಹಚ್ಚಿಯೇ?

ಅವಳು ಅಳಲಿಲ್ಲ. “ಗೊತ್ತಾಗೈತಿ ಅತ್ತಿ. ಹಣಿ ಬಡ್ಕೊಂಡಾಗ್ಲೇ ಗೊತ್ತಾತು. ಖರೇನ ಮರ್ತಿದ್ರ ಅವರು ನನ್ನ ಬೈತಿದ್ರು, ತಮ್ಮ ಹಣಿ ಬಡ್ಕೊಂತಿರ್ಲಿಲ್ಲ.” ಒಂದು ಕಾಲು ನೀರಿನಿಂದ ಎತ್ತಿ ಅಂದಳು: “ನೀವೂ ಕೂಡಿ ಮಾಡೀರಿ ಅಂತ ತಿಳ್ದಿದ್ದೆ.”

“ನಾನ?”

“‘ಅವ್ವ ಕುಂತಾಳ ನೋಡು. ಬೂಟು ಹಾಕ್ಕೊಂಡು ದೇವರ ಮುಂದ ಹಾಯ್ದ್ರ ಮನಿ ಒಳಗ ಕಾಲಿಡಾಕ ಬಿಡಂಗಿಲ್ಲ ಅಂದಾಳ’ ಅಂದ್ರು. ನಾ ನಿಮ್ಮ ಕಡೆ ನೋಡಿದೆ. ನೀವು ಕಣ್ಣು ಬಿಟ್ಕೊಂಡು ನನ್ನ ಕಾಲೇ ನೋಡಾಕತ್ತಿದ್ರಿ. ಬೂಟು ಇಸ್ಕೊಂಡು ‘ನಿಂತ್ರ ಟೈಮು ಹೋಗ್ತೈತಿ, ನೀ ಓಡು, ನಾ ತರ್ತೀನಿ’ ಅಂದ್ರು. ಕಡೀಗೆ ನೋಡಿದ್ರ ಬೂಟೂ ನಿಮ್ಮ ಕೈಯಾಗಿತ್ತು.”

ನನ್ನ ಹೆಸರು. ನಾನು ಆಡದ ಮಾತು. ನನ್ನ ಅತ್ತೆಯಿಂದ ಬಂದ ಕೈಮುಗಿತ. ಅವನು ಇಷ್ಟನ್ನೂ ಹೆಂಡತಿಯ ಕಾಲು ಹರಿಯಲು ಬಳಸಿದ್ದ. ಸೊಸೆಯ ಕಾಲು ನೋಡಿ ನನಗೆ ಕರುಳು ಚುರುಕ್ ಅಂದಿತು ಅಂತ ಬರೆದರೆ ಸುಳ್ಳಾಗುತ್ತದೆ. ನನಗೆ ಉರಿದದ್ದು ನನ್ನ ಹೆಸರಿಗೆ.

“ನಾಳೆ ಸಂಡೂರಿಗೆ ಹೋಗು” ಅಂದೆ.

“ಮಾತು ಕೊಟ್ಟೀನಿ ಅತ್ತಿ, ಎಲ್ರ ಮುಂದ.”

“ಬೂಟು ಕದ್ದವಗ ಕೊಟ್ಟ ಮಾತೇನು ಮಾತು? ಬಟ್ಟಿ ಕಟ್ಕೋ.”

“ಹೋದ್ರ ಮತ್ತ ಕರ್ಕೊಳ್ಳಂಗಿಲ್ಲ ಅವರು.”

“ಅದು ಆಮ್ಯಾಲಿನ ಮಾತು.”

ಅವಳು ನೀರು ಚೆಲ್ಲಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಎಂದಿನಂತೆ ನೆಲ ಒರೆಸುತ್ತಿದ್ದಳು. ಬಟ್ಟೆ ಕಟ್ಟಿರಲಿಲ್ಲ. ನಾನೇ ಅವಳ ಟ್ರಂಕು ಎಳೆದು, ಸೀರೆ, ಚೂಡಿದಾರ, ಓದಿನ ಕಾಗದ ಒಂದು ಚೀಲಕ್ಕೆ ತುರುಕಿದೆ. ಹಳೆಯ ಧೋತರ ಹರಿದು ಅವಳ ಕಾಲಿಗೆ ಅರಿಸಿನ ಎಣ್ಣೆ ಹಚ್ಚಿ ಬಿಗಿದೆ. ಬಿಗಿ ಹೆಚ್ಚಾಗಿ ಅವಳು ಚೀರಿದಳು. “ಬಾಯಿ ಮುಚ್ಚು” ಅಂದೆ. ನನ್ನ ರಬ್ಬರ್ ಚಪ್ಪಲಿ ತೊಡಿಸಿ, ಚೀಲ ಕೈಗೆ ಕೊಟ್ಟು ಹೊರಗೆ ಕರೆತಂದೆ.

ಕಣದಲ್ಲಿ ಲಾರಿಗೆ ಅಕ್ಕಿ ಮೂಟೆ ಏರಿಸುತ್ತಿದ್ದರು. ಮಗ 'ಎಲ್ಲಿಗೆ?' ಅನ್ನುವ ಹಾಗೆ ಹುಬ್ಬು ಎತ್ತಿದ.

“ವಿರೂಪಾಕ್ಷನ ಮುಂದ ನೀ ಬೂಟು ಬಿಚ್ಚಿದ್ಯೇನಲೇ?” ಅಂದೆ.

ಹಮಾಲರು ತಿರುಗಿ ನೋಡಿದರು.

“ಅವ್ವ, ಒಳಗ ನಡಿ, ಮಾತಾಡೋಣು.”

“ಇಲ್ಲೇ ಹೇಳು. ಹೆಂಡ್ತಿದು ಬಿಚ್ಚಿಸಿದಿ, ನಿಂದು ಬಿಚ್ಚಿದ್ಯಾ?”

ಅವನು ಹತ್ತಿರ ಬಂದು ದನಿ ಇಳಿಸಿದ. “ನಿನ್ನ ಸಲುವಾಗಿ ಮಾಡೀನಿಬೇ. ಆಕಿ ಹೋದ್ರ ನಿನ್ನ ಗತಿ ಏನು? ಮೊಣಕಾಲು ಹಿಡ್ಕೊಂಡು ನೀನ ಒಲಿ ಮುಂದ ಕುಂದ್ರಬೇಕು.”

ಎರಡನೇ ಸಲ ನನ್ನ ಹೆಸರು ಎಳೆದ. ನಾನು ದನಿ ಇಳಿಸಲಿಲ್ಲ.

“ನನ್ನ ಸಲುವಾಗಿ ಮಾಡೋದಿದ್ರ ಮನಿಗೆ ಆಳು ಹಚ್ಚು. ಹೆಂಡ್ತಿ ಬೂಟು ಕದ್ದು ಎಳನೀರಿನ ಗಾಡಿ ಬುಡಕ ಇಡಬ್ಯಾಡ. ಓಡಿ ಗೆಲ್ಲಾಕ ಆಗ್ಲಿಲ್ಲ, ಕದ್ದು ಗೆದ್ದಿ. ಆಕಿ ಬರಿಗಾಲಿಲೆ ಬಂದು ಎಷ್ಟೋ ಹೊತ್ತಾದ ಮ್ಯಾಲ ಬಂತು ನಿನ್ನ ಹೊಟ್ಟಿ, ಅದರ ಹಿಂದ ಬಂದಿ ನೀನು.”

ಲಾರಿಯ ಮೇಲಿದ್ದ ಹಮಾಲನೊಬ್ಬ ನಗು ತಡೆಯಲಾರದೆ ಮೂಟೆಯ ಹಿಂದೆ ಕುಕ್ಕರಿಸಿದ. ಮಗನ ಮುಖ ಅರಿಸಿನದ ಹಾಗಾಯಿತು. ತಾಯಿಯನ್ನು ಏನೂ ಅನ್ನಲಾಗದೆ ಹೆಂಡತಿಯ ಕಡೆ ತಿರುಗಿದ.

“ಹೊಸ್ತಿಲು ದಾಟಿದ್ರ ತಿರುಗಿ ಈ ಮನಿಗೆ ಬರಬ್ಯಾಡ.”

“ಮನಿ ನಂದು” ಅಂದೆ. “ಆಕಿ ಬರ್ತಾಳ. ನಿನಗ ಆಗ್ಲಿಲ್ಲಂದ್ರ ಮಿಲ್ಲಿನ್ಯಾಗ ಮಲಕ್ಕೋ, ಮೂಟಿ ಅದಾವ.”

ಹೊಸಪೇಟೆ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ನೋಡಿ ಇಬ್ಬರಿಗೂ ಪುಕ್ಕಟೆ ಚೀಟಿ ಹರಿದು ಕೊಟ್ಟ. ಹೊಸಪೇಟೆಯಲ್ಲಿ ಇಳಿದು ಸಂಡೂರಿನ ಬಸ್ಸು ಹತ್ತಿದೆವು. ಸೊಸೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಘಟ್ಟ ಏರುವಾಗ ಕೇಳಿದಳು:

“ನೀವ್ಯಾಕ ಬಂದ್ರಿ ಅತ್ತಿ?”

“ನೀ ನಡುದಾರ್ಯಾಗ ಇಳಿದು ತಿರುಗಿ ಹೋಗ್ತಿದ್ದಿ.”

ಅವಳು ಅಲ್ಲ ಅನ್ನಲಿಲ್ಲ. “ನಾ ಹೋಗೋದು ನಿಮಗೂ ಬ್ಯಾಡಾಗಿತ್ತು.”

“ಈಗೂ ಬ್ಯಾಡ” ಅಂದೆ.

ಆಮೇಲೆ ಸಂಡೂರಿನವರೆಗೆ ಅದಿರಿನ ಲಾರಿಗಳು ಎದುರಾದಾಗ ಕಿಟಕಿ ಮುಚ್ಚುವುದು, ಹೋದ ಮೇಲೆ ತೆರೆಯುವುದು, ಅಷ್ಟೇ.

ಶಾಲೆಯ ಗೇಟಿನ ಒಳಗೆ ಹುಡುಗಿಯರು ಸಾಲಾಗಿ ನಿಂತಿದ್ದರು. ಸೊಸೆ ಅವರನ್ನು ನೋಡಿದಳು, ತನ್ನ ಕಾಲಿನ ಬಟ್ಟೆ ನೋಡಿಕೊಂಡಳು, ಗೇಟಿನ ಸರಳು ಹಿಡಿದು ನಿಂತುಬಿಟ್ಟಳು. ಕಾವಲಿನವನು ಎದ್ದು ಬಂದ.

“ಕಾಲಿಗೆ ಏನಾತ್ರಿ ಅಮ್ಮಾರ?”

“ಗಂಡ” ಅಂದೆ ನಾನು. ಅವನು ಬೇರೆ ಏನೂ ಕೇಳದೆ ಗೇಟು ತೆರೆದ.

“ಒಳಗ ಹೋಗು” ಅಂದೆ ಸೊಸೆಗೆ. “ಕುಂಟಬ್ಯಾಡ. ಆಟದ ಟೀಚರ್ ಕುಂಟಿದ್ರ ಹುಡುಗ್ರು ಅಡ್ಡೆಸರು ಇಡ್ತಾರ. ಹಿಮ್ಮಡಿ ಊರಿ ನಡಿ.”

ಅವಳು ಹಿಮ್ಮಡಿ ಊರಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ಅಲ್ಲಾಡಲಿಲ್ಲ. ಹಾಗೇ ಸೀದಾ ನಡೆದು ಆಫೀಸಿನ ಮೆಟ್ಟಿಲು ಹತ್ತಿದಳು. ಅವಳು ಒಳಗೆ ಹೋಗುವವರೆಗೂ ಗೇಟಿನಲ್ಲೇ ನಿಂತೆ, ತಿರುಗಿ ಬಂದರೆ ಬೈಯಲು. ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ, ಹೊಸಪೇಟೆಗೆ ಹೊರಟಿದ್ದ ಬಸ್ಸಿನಲ್ಲಿ ಒಬ್ಬ ಹುಡುಗನನ್ನು ಎಬ್ಬಿಸಿ ಅವನ ಸೀಟಿನಲ್ಲಿ ಕೂತೆ.